ಕಲ್ಲಿಗೊಂದು ಫೋಟೊ

ಮೇ 13, 2006, ಶನಿವಾರ

ಗಂಡ ತಿಹೋಮಿರ್ ತೀರಿಹೋಗಿ ಆರು ತಿಂಗಳಾದ ಪ್ರಾರ್ಥನೆ ಇವತ್ತು ಮುಗಿಯಿತು. ಪಾದ್ರಿಗಳಿಗೆ ಇನ್ನೆರಡು ಕಡೆ ಹೋಗುವುದಿತ್ತಂತೆ, ಬಾಯಿಪಾಠ ಒಪ್ಪಿಸಿದ ಹಾಗೆ ಮುಗಿಸಿದರು. ಬೇಯಿಸಿದ ಗೋಧಿ ಹಂಚಿದೆವು. ಬಂದವರು ಸಮಾಧಿಯ ಮೇಲೆ ಎರಡೆರಡು ಹನಿ ವೈನ್ ಚೆಲ್ಲಿ, ಮಿಕ್ಕಿದ್ದನ್ನು ತಾವು ಕುಡಿದು, ಮೋಡ ನೋಡಿಕೊಂಡು ಹೊರಟರು. ನನಗೆ ಅಳು ಬರಲಿಲ್ಲ. ಬರದಿದ್ದುದಕ್ಕೆ ನಾಚಿಕೆಯಾಯಿತು.

ಹೊರಡುವಾಗ ಅತ್ತೆ ಸ್ತಾಮೆಂಕ ಕಲ್ಲಿನ ವಿಷಯ ತೆಗೆದರು. ನವೆಂಬರಿನಲ್ಲಿ ವರ್ಷ ತುಂಬುತ್ತದೆ, ಅಷ್ಟರೊಳಗೆ ಮರದ ಶಿಲುಬೆ ಕಿತ್ತು ಕಪ್ಪು ಕಲ್ಲು ನಿಲ್ಲಿಸಬೇಕು. ಕಲ್ಲುಕುಟಿಗ ಚೆದೋಮಿರನಿಗೆ ತಮ್ಮ ಪಿಂಚಣಿಯಿಂದ ಮುಂಗಡವನ್ನೂ ಕೊಟ್ಟಾಗಿದೆಯಂತೆ. ಜೋಡಿ ಕಲ್ಲು. ಎಡಕ್ಕೆ ಅವನ ಮುಖ, ಬಲಕ್ಕೆ ನನ್ನದು. ನನ್ನ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ. ನಮ್ಮೂರಿನ ಅರ್ಧಕ್ಕರ್ಧ ವಿಧವೆಯರು ಹೀಗೆ ಬದುಕಿರುವಾಗಲೇ ಕಲ್ಲಿನಲ್ಲಿದ್ದಾರೆ. ಅತ್ತೆಯೇ ಮಾವನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ.

ತೊಂದರೆ ಫೋಟೊದ್ದು. ತಿಹೋಮಿರನದು ಒಂದು ಚೆಂದದ್ದಿದೆ, ತಂಗಿಯ ಮದುವೆಯಲ್ಲಿ ತೆಗೆದದ್ದು. ನನ್ನದು ಇಲ್ಲ. ಪ್ರಾರ್ಥನೆಗೆ ಬಂದಿದ್ದ ಚೆದೋಮಿರ್ ನನ್ನ ಗುರುತಿನ ಚೀಟಿಯ ಫೋಟೊ ನೋಡಿ, ಇದನ್ನು ಕೆತ್ತಿದರೆ ಪೊಲೀಸರು ಬಂದು ಕಲ್ಲನ್ನೇ ಹಿಡಿದುಕೊಂಡು ಹೋಗುತ್ತಾರೆ ಅಂದ. ಊರಿನ ಸ್ಟುಡಿಯೊ ಮುಚ್ಚಿ ಈಗ ಅಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಯಾರದಾದರೂ ಡಿಜಿಟಲ್ ಕ್ಯಾಮೆರಾ ಕೇಳಿ ತಂದು ತೆಗೆಸಿ, ಸೆಪ್ಟೆಂಬರ್ ಒಳಗೆ ಕೊಡಿ ಅಂದ. ನಾನು, "ನಾನೇ ಒಂದು ಕೊಂಡ್ಕೋತೀನಿ" ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ.

ಮೇ 16

ಮೂರು ದಿನದಿಂದ ಅತ್ತೆ ಒಂದೇ ರಾಗ. ಒಂದು ಫೋಟೊಗೆ ಒಂದು ಇಡೀ ಕ್ಯಾಮೆರಾನಾ? ಒಂದು ಲೋಟ ಹಾಲಿಗೆ ಹಸು ಕಟ್ಟುವವಳು ಅಂತ ನನ್ನನ್ನು ಪಕ್ಕದ ಮನೆಯವರ ಮುಂದೆ ಆಡಿಕೊಂಡರು. ನಾನು ಲೆಕ್ಕ ಒಪ್ಪಿಸಿದೆ: ತಿಹೋಮಿರ್ ಕೆಲಸ ಮಾಡುತ್ತಿದ್ದ ನೀರು ಸರಬರಾಜಿನವರು ಅವನು ಸತ್ತಾಗ ಕೊಟ್ಟ ಸಹಾಯಧನದಲ್ಲಿ ಹದಿನೈದು ಸಾವಿರ ದಿನಾರ್ ಉಳಿದಿದೆ, ಅದು ಅವನ ಕಲ್ಲಿನ ಕೆಲಸಕ್ಕೇ ಹೋಗಲಿ. ಕಲ್ಲಿನ ಕೆಲಸ ಅಂದಮೇಲೆ ಅವರ ಬಾಯಿ ಮುಚ್ಚಿತು. ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆದರೆ ಸುಳ್ಳೂ ಅಲ್ಲವಲ್ಲ, ಕಲ್ಲಿಗೇ ತಾನೆ.

ಮೇ 22

ನಿನ್ನೆ ಮಾಂಟೆನೆಗ್ರೊದವರು ನಮ್ಮಿಂದ ಬೇರೆಯಾಗಲು ಮತ ಹಾಕಿದರಂತೆ. ಬಸ್ ನಿಲ್ದಾಣದಲ್ಲಿ ಇವತ್ತು ಅದೇ ಮಾತು. ದೇಶ ಇನ್ನೂ ಒಂದು ಸುತ್ತು ಸಣ್ಣದಾಯಿತು ಅಂತ ಒಬ್ಬ ಮುದುಕ ನನ್ನ ಟಿಕೆಟ್ ಕಿಂಡಿಯೊಳಗೆ ಬಾಯಿಟ್ಟು ಹೇಳಿ ಹೋದ. ನಾನು ಅಂಗಡಿಗಳ ಜಾಹೀರಾತು ಹಾಳೆ ಓದುತ್ತಿದ್ದೆ. ಮೂರು ಮೆಗಾಪಿಕ್ಸೆಲ್, ನಾಲ್ಕು, ಐದು. ಜೂಮ್ ಎರಡು ಥರ ಇದೆಯಂತೆ. ಒಂದರಲ್ಲೂ ಪೂರ್ತಿ ಅರ್ಥವಾಗುವ ಹಾಗೆ ಬರೆದಿಲ್ಲ. ಹಾಳೆಯ ಅಂಚಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡೆ, ಹನ್ನೊಂದಾಯಿತು.

ಜೂನ್ 3, ಶನಿವಾರ

ಬೆಳಗಿನ ಬಸ್ಸಿಗೆ ನೀಶ್ ನಗರಕ್ಕೆ ಹೋಗಿಬಂದೆ. ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ಇಪ್ಪತ್ತೊಂದು ಸಾವಿರದ್ದನ್ನು ನನ್ನ ಕೈಗಿಟ್ಟು, ಕಂತಿನಲ್ಲಿ ಕೊಡಿ ಅಂತ ಬೆನ್ನು ಹತ್ತಿದ. ಅವನಿಂದ ತಪ್ಪಿಸಿಕೊಂಡು ಕೋಟೆಯ ಹತ್ತಿರದ ಸಣ್ಣ ಅಂಗಡಿಗೆ ಹೋದೆ. ಅಲ್ಲಿರುವವರು ವುಕಾಶಿನ್, ಅರವತ್ತು ದಾಟಿದೆ, ಮೊದಲು ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುತ್ತಿದ್ದರಂತೆ. ಮಾರುವುದರಲ್ಲಿ ಅವರಿಗೆ ಅಂಥ ಆಸಕ್ತಿ ಇದ್ದಂತೆ ಕಾಣಲಿಲ್ಲ. ನನ್ನ ಹನ್ನೊಂದು ಪ್ರಶ್ನೆಗಳನ್ನೂ ಕೂತು ಬಿಡಿಸಿದರು. ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ ಅಂದರು. ಲೆನ್ಸೇ ಮುಂದೆ ಬಂದು ಹತ್ತಿರ ಮಾಡಿದರೆ ಅದು ನಿಜವಾದ ಜೂಮ್, ಇನ್ನೊಂದು ಬರೀ ಕತ್ತರಿಸಿ ಹಿಗ್ಗಿಸುವುದು. ನಿಮ್ಮೂರಲ್ಲಿ ಸಿಗುವ ಮಾಮೂಲಿ ಸೆಲ್ ಹಾಕುವಂಥದ್ದು ತಗೊಳ್ಳಿ, ಇಲ್ಲದಿದ್ದರೆ ಬ್ಯಾಟರಿ ಸತ್ತ ದಿನ ಕ್ಯಾಮೆರಾವೂ ಸತ್ತಂತೆ. ಡಬ್ಬದ ಜೊತೆ ಕೊಡುವ ಕಾರ್ಡಿನಲ್ಲಿ ಎಂಟೇ ಫೋಟೊ ಹಿಡಿಯುತ್ತವೆ, ದೊಡ್ಡ ಕಾರ್ಡಿಗೆ ಬೇರೆ ದುಡ್ಡು. ಇದನ್ನು ಯಾವ ಜಾಹೀರಾತೂ ಹೇಳಿರಲಿಲ್ಲ.

ಆಮೇಲೆ ಏನು ತೆಗೆಯುವುದಕ್ಕೆ ಅಂತ ಕೇಳಿದರು. ಹೇಳಿದೆ. ಅವರೇನೂ ಹೌಹಾರಲಿಲ್ಲ.

"ಕಲ್ಲಿಗಾದ್ರೆ ಮೂರು ಮೆಗಾಪಿಕ್ಸೆಲ್ ಧಾರಾಳ ಆಯ್ತಮ್ಮ. ಒಂಬತ್ತು ಸಾವಿರದ್ದು ತಗೊಂಡು ಹೋಗಿ," ಅಂದರು. ಆಮೇಲೆ, "ಆ ಒಂದು ಫೋಟೊ ಆದ್ಮೇಲೆ ಏನ್ ತೆಗೀತೀರಿ?"

ಏನೂ ಇಲ್ಲ ಅಂದೆ. ಹಾಗಾದರೆ ಕೊಳ್ಳಲೇಬೇಡಿ, ನನ್ನದೇ ಒಂದು ದಿನಕ್ಕೆ ಕೊಡುತ್ತೇನೆ ಅಂದರು. ನನಗೆ ಸಿಟ್ಟು ಬಂತು. ಅಂಗಡಿಯವರಿಗೆ ಇದೆಲ್ಲ ಯಾಕೆ? ಏನೂ ಕೊಳ್ಳದೆ ಬಂದುಬಿಟ್ಟೆ. ಬಸ್ಸಿನಲ್ಲಿ ಎರಡು ಗಂಟೆ ಅವರಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಬಂದೆ. ಒಂದು ಉತ್ತರವೂ ನೆಟ್ಟಗಿರಲಿಲ್ಲ.

ಜೂನ್ 10, ಶನಿವಾರ

ಪಿತೃಗಳ ಶನಿವಾರ. ಊರಿಗೆ ಊರೇ ಸ್ಮಶಾನದಲ್ಲಿತ್ತು. ನಾವೂ ಚಾಪೆ ಹಾಸಿ, ಮೊಟ್ಟೆ, ಚೀಸು, ಈರುಳ್ಳಿ ಬಡಿಸಿಕೊಂಡು ಕೂತೆವು. ಅತ್ತೆ ಮಾವನ ಕಲ್ಲಿಗೆ ಹೋಗಿ ಮೊದಲು ಮಾವನ ಮುಖ ಒರೆಸಿದರು, ಆಮೇಲೆ ಕರವಸ್ತ್ರಕ್ಕೆ ಉಗುಳು ಹಚ್ಚಿ ತಮ್ಮ ಮುಖ ಒರೆಸಿದರು. ಕಲ್ಲಿಗೆ ಅಂಟಿಸಿದ ಪಿಂಗಾಣಿ ಫೋಟೊದಲ್ಲಿರುವ ಆ ಹೆಂಗಸಿಗೆ ಐವತ್ತೆರಡು ವರ್ಷ, ತುಂಬು ಗಲ್ಲ. ಒರೆಸುವವರಿಗೆ ಎಪ್ಪತ್ತನಾಲ್ಕು. "ನೋಡೇ, ನಿನಗಿಂತ ನಾನೇ ಚೆನ್ನಾಗಿದೀನಿ," ಅಂತ ಅದರತ್ತ ಬೆರಳು ತೋರಿಸಿ ನನಗೆ ಹೇಳಿದರು. ಅವರಿಗೆ ಅದರಲ್ಲಿ ನಿಜವಾದ ಖುಷಿ ಇದೆ.

ಊಟ ಮಾಡುತ್ತಾ ರುಮೇನಳ ಕಥೆ ತೆಗೆದರು. ನನಗೆ ಬಾಯಿಪಾಠವಾದ ಕಥೆ. ಬೇಕರಿಯ ರುಮೇನ ಗಂಡನ ಪಕ್ಕ ತನ್ನ ಮುಖ ಕೆತ್ತಿಸಿ, ಐದು ವರ್ಷಕ್ಕೆ ಇನ್ನೊಬ್ಬನನ್ನು ಕಟ್ಟಿಕೊಂಡು ಹೋದಳು. ಮೊದಲ ಗಂಡನ ಅಣ್ಣತಮ್ಮಂದಿರು ಆ ಮುಖದ ಮೇಲೆ ಸಿಮೆಂಟು ಬಳಿದರು. ಅದು ಈಗಲೂ ಅಲ್ಲಿದೆ, ಮೂರನೇ ಸಾಲಿನಲ್ಲಿ, ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ. ಇದನ್ನು ನನಗೆ ಯಾಕೆ ಹೇಳುತ್ತೀರಿ ಅಂದೆ. ಸುಮ್ಮನೆ ಮಾತಿಗೆ ಹೇಳಿದೆ ಅಂದರು.

ನನಗೆ ಇನ್ನೊಬ್ಬ ಗಂಡಸು ಬೇಡ. ಇದನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಬೇರೆ ಯಾರಿಗೆ ಹೇಳಿದರೂ ನಂಬುವುದಿಲ್ಲ. ತಿಹೋಮಿರ್ ಒಳ್ಳೆಯವನಾಗಿದ್ದ. ಮಾತು ಕಡಿಮೆ, ಒದ್ದೆ ಬೂಟು ಹಾಕಿಕೊಂಡೇ ಅಡುಗೆಮನೆಗೆ ಬರುತ್ತಿದ್ದ, ಮಕ್ಕಳಾಗಲಿಲ್ಲವೆಂದು ಒಂದು ದಿನವೂ ನನ್ನನ್ನು ಚುಚ್ಚಲಿಲ್ಲ. ಅವನಿಲ್ಲದೆ ಮನೆ ಬಿಕೋ ಎನ್ನುತ್ತದೆ. ಆದರೂ ಹುಟ್ಟಿದ ವರ್ಷದ ಮುಂದಿನ ಆ ಗೆರೆ ನೆನೆಸಿಕೊಂಡರೆ ಉಸಿರು ಕಟ್ಟುತ್ತದೆ.

ಜೂನ್ 17

ನಿನ್ನೆ ಫುಟ್ಬಾಲಿನಲ್ಲಿ ನಮ್ಮ ತಂಡದವರು ಆರು ಗೋಲು ತಿಂದು ಬಂದರು. ಇವತ್ತು ಕಿಂಡಿಗೆ ಬಂದವರಲ್ಲಿ ಒಬ್ಬರೂ ನಗಲಿಲ್ಲ. ನನ್ನ ಕಿಂಡಿಯಿಂದ ಜನರ ಎದೆಯಿಂದ ಗಲ್ಲದವರೆಗೆ ಮಾತ್ರ ಕಾಣುತ್ತದೆ, ಮತ್ತೆ ಕೈಗಳು. ಹತ್ತೊಂಬತ್ತು ವರ್ಷದಿಂದ ಹೀಗೇ ನೋಡುತ್ತಿದ್ದೇನೆ. ಇವತ್ತು ಒಂದು ಜೊತೆ ಕೈಗಳನ್ನು, ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದಿಂದ ನೀಲಿಯಾದವು, ಬಹಳ ಹೊತ್ತು ನೋಡುತ್ತಾ ಕೂತು ಜಾಯೆಚಾರ್‌ಗೆ ಕೇಳಿದವರಿಗೆ ನೀಶ್‌ನ ಟಿಕೆಟ್ ಕೊಟ್ಟೆ. ಬೈಸಿಕೊಂಡೆ.

ಜುಲೈ 5

ಕಲ್ಲು ಬಂದಿದೆ ನೋಡಿ ಬನ್ನಿ ಅಂತ ಚೆದೋಮಿರ್ ಫೋನ್ ಮಾಡಿದ್ದ. ಕೆಲಸ ಮುಗಿಸಿ ಅವನ ಅಂಗಳಕ್ಕೆ ಹೋದೆ. ಒಳ್ಳೆಯ ಕಲ್ಲು, ಕಪ್ಪಗೆ ಮಿರಮಿರ ಮಿಂಚುತ್ತದೆ. ಅದರೆದುರು ನಿಂತರೆ ಮುಖ ಕಾಣುತ್ತದೆ. ಎಡಕ್ಕೆ ತಿಹೋಮಿರನ ಹೆಸರು ಕೆತ್ತಿ ಆಗಿತ್ತು. ಬಲಕ್ಕೆ ನನ್ನದನ್ನು ಬಿಳಿ ಪೆನ್ಸಿಲಿನಲ್ಲಿ ಬರೆದಿದ್ದ, ಅಳತೆಗೆ. ಬೋಸಿಲ್ಕ. 1962. ಗೆರೆ.

ಅಕ್ಷರ ಸಣ್ಣದಾಯಿತಾ ಅಂತ ಕೇಳಿದ. ಇಲ್ಲ, ಸರಿಯಾಗಿದೆ ಅಂದೆ. ಗೆರೆಯ ಮುಂದಿನ ಜಾಗ ಯಾಕೆ ಇಷ್ಟು ಕಮ್ಮಿ ಬಿಟ್ಟಿದ್ದೀಯ ಅಂತ ಕೇಳಬೇಕೆನಿಸಿತು. ನಾಲ್ಕು ಅಂಕಿಗೆ ಎಷ್ಟು ಬೇಕೋ ಅಷ್ಟೇ ಇತ್ತು.

ಜುಲೈ 6

ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಅಂತ ಹೇಳಿಸಿದೆ.

ಜುಲೈ 9

ಅತ್ತೆ ಸೂಪು ತಂದುಕೊಟ್ಟು, ಏನೂ ಕೇಳದೆ ತಟ್ಟೆ ತೊಳೆದಿಟ್ಟು ಹೋದರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಜುಲೈ 22, ಶನಿವಾರ

ಕೊಂಡೆ. ಎರಡು ತಿಂಗಳು ಮೀನಮೇಷ ಎಣಿಸಿ ಕೊನೆಗೂ ಕೊಂಡೆ.

ವುಕಾಶಿನ್ ನನ್ನನ್ನು ಗುರುತು ಹಿಡಿದರು. ಒಂಬತ್ತು ಸಾವಿರದ್ದನ್ನು ಮೇಜಿನ ಮೇಲೆ ಇಟ್ಟೇಬಿಟ್ಟಿದ್ದರು. ಕಲ್ಲಿಗೆ ಅದು ಸಾಕು, ನನಗೆ ಗೊತ್ತಿತ್ತು, ಅದನ್ನೇ ತೆಗೆದುಕೊಳ್ಳೋಣ ಅಂತಲೇ ಹೋಗಿದ್ದೆ. ಜೂಮ್ ಇಲ್ಲ, ದೂರದ್ದೆಲ್ಲ ಇರುವೆಯಷ್ಟಾಗಿ ಬರುತ್ತದೆ. ನಿಜವಾದ ಜೂಮ್ ಇರುವ ಐದು ಮೆಗಾಪಿಕ್ಸೆಲಿನದಕ್ಕೆ ಹದಿನಾಲ್ಕೂವರೆ ಸಾವಿರ, ಕಾರ್ಡು ಬೇರೆ. ಅದು ನನ್ನ ಕೈಗೆ ಎಟುಕುವುದಿಲ್ಲ. ಸುಮ್ಮನೆ ಅದನ್ನು ಕೈಯಲ್ಲಿ ಹಿಡಿದು ಅಂಗಡಿಯ ಬಾಗಿಲಿನಿಂದ ಹೊರಗೆ ನೋಡಿದೆ. ರಸ್ತೆಯಾಚೆ ಒಬ್ಬಳು ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಕಿವಿಯಿಟ್ಟು ಕೇಳುತ್ತಿದ್ದಳು. ಗುಂಡಿ ಒತ್ತಿ ಜೂಮ್ ಮಾಡಿದಾಗ ಅವಳ ಕಿವಿಯೋಲೆ ಕೂಡ ಕಂಡಿತು. ಅವಳಿಗೆ ನಾನು ಕಾಣಲೇ ಇಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ವುಕಾಶಿನ್ ಒಳಗಿನಿಂದ ಅದೇ ಥರದ್ದೊಂದು ತಂದರು, ಗಾಜಿನ ಕಪಾಟಿನಲ್ಲಿ ವರ್ಷವಿಡೀ ತೋರಿಸಲು ಇಟ್ಟಿದ್ದದ್ದು. ಕೆಳಗೆ ಒಂದು ಗೀರು ಇದೆ, ಡಬ್ಬ ಕಳೆದಿದೆ. ಕಾರ್ಡು ಸೇರಿಸಿ ಹದಿನೈದಕ್ಕೆ ಕೊಟ್ಟರು. ಮತ್ತೆ ಆ ಪ್ರಶ್ನೆ ಕೇಳುತ್ತಾರೇನೋ ಅಂತ ಹೆದರಿದ್ದೆ. ಕೇಳಲಿಲ್ಲ. ಸೆಲ್ ಹಾಕುವುದನ್ನು ಎರಡು ಸಲ ತೋರಿಸಿ, ತೇವ ತಾಗಿಸಬೇಡಿ ಅಂದರು.

ಅತ್ತೆಗೆ ಒಂಬತ್ತು ಸಾವಿರ ಅಂದೆ.

ಜುಲೈ 30

ಮೊದಲ ಇಪ್ಪತ್ತು ಫೋಟೊಗಳಲ್ಲಿ ಹದಿನಾರು ಕೆಟ್ಟಿವೆ. ಅಲುಗಾಡಿವೆ, ಕತ್ತಲಾಗಿವೆ, ಒಂದರಲ್ಲಿ ನನ್ನ ಬೆರಳು. ಅಳಿಸಿದರೆ ಅಳಿಸಿಹೋಗುತ್ತದೆ, ಖರ್ಚಿಲ್ಲ, ಯಾರೂ ಕೇಳುವುದಿಲ್ಲ. ಈ ಅಳಿಸುವುದು ನನಗೆ ಬಹಳ ಹಿಡಿಸಿದೆ.

ಆಗಸ್ಟ್ 8

ಮಧ್ಯಾಹ್ನದ ಬಿಡುವಿನಲ್ಲಿ ತಿಮೋಕ್ ನದಿಯ ಸೇತುವೆಗೆ ಹೋದೆ. ನೀರು ಕಡಿಮೆಯಾಗಿ ಕಲ್ಲುಗಳೆಲ್ಲ ಮೇಲೆ ಬಂದಿವೆ, ಹೆಂಗಸರು ಕಂಬಳಿ ತೊಳೆಯುತ್ತಿದ್ದರು. ಅವರಲ್ಲೊಬ್ಬಳು, "ನಿನ್ನ ಗಂಡ ಹೋಗಿ ಒಂದು ವರ್ಷ ಆಗಿಲ್ಲ, ನಮ್ಮ ಮೊಣಕಾಲು ತೆಗೀತಿದೀಯಾ?" ಅಂತ ಕೂಗಿದಳು. ಮಿಕ್ಕವರು ನಕ್ಕರು. ಹಿಂದಾಗಿದ್ದರೆ ನಾನು ಕಾಲಿಗೆ ಬುದ್ಧಿ ಹೇಳುತ್ತಿದ್ದೆ. ಇವತ್ತು, ನಿನ್ನದು ಬೇಡ, ನಿನ್ನ ಪಕ್ಕದವಳದು ಚೆನ್ನಾಗಿದೆ ಅಂದೆ. ಕಪ್ಪು ಬಟ್ಟೆಯಲ್ಲಿ ಸೆಕೆ ತಡೆಯಲಾಗಲಿಲ್ಲ, ಅಂಗಿಯ ತೋಳು ಮಡಿಸಿಕೊಂಡೆ.

ಆಗಸ್ಟ್ 15

ಕೊನೆಯ ಬಸ್ಸು ತೊಳೆಯುವ ಮೊದಲು ಗಾಜಿನ ಮೇಲೆ ಧೂಳು, ಧೂಳಿನ ಮೇಲೆ ಯಾರದೋ ಹಣೆ ಒರಗಿದ ಗುರುತು. ತೆಗೆದೆ. ಚೆನ್ನಾಗಿ ಬಂದಿದೆ.

ಆಗಸ್ಟ್ 20

ನಿನ್ನೆ ಶನಿವಾರ, ಹಬ್ಬ ಬೇರೆ, ನಾನು ಸಮಾಧಿಗೆ ಹೋಗುವುದನ್ನು ಮರೆತೆ. ಮರೆತೆ ಅಂದರೆ ಪೂರ್ತಿ ಮರೆತೆ. ಪಟ್ಟಣದಾಚೆ ದ್ರಾಕ್ಷಿ ತೋಟಗಳ ಕಡೆ ನಡೆದುಹೋಗಿದ್ದೆ. ಸಂಜೆ ಅತ್ತೆ ಮೇಣದ ಬತ್ತಿಯ ಪೊಟ್ಟಣ ಹಿಡಿದು ಬಂದಾಗಲೇ ನೆನಪಾಯಿತು. ಒಂಬತ್ತು ತಿಂಗಳ ಶನಿವಾರಗಳಲ್ಲಿ ಇದೇ ಮೊದಲು, ನೀಶ್‌ಗೆ ಹೋದ ದಿನವೂ ಸಂಜೆ ತಪ್ಪಿಸಿರಲಿಲ್ಲ. ನನ್ನಂಥ ಹೆಂಗಸು ಇರುತ್ತಾಳಾ? ಅವನು ಅಲ್ಲಿ ಒಣಗಿದ ಹೂವಿನಡಿ ಮಲಗಿದ್ದಾನೆ, ನಾನು ಇಲ್ಲಿ ಧೂಳಿನ ಫೋಟೊ ತೆಗೆಯುತ್ತಿದ್ದೇನೆ. ಕ್ಯಾಮೆರಾವನ್ನು ಕಪಾಟಿನಲ್ಲಿ ಹಾಸಿಗೆ ಬಟ್ಟೆಯ ಕೆಳಗೆ ಇಟ್ಟು ಬೀಗ ಹಾಕಿದೆ.

ಆಗಸ್ಟ್ 23

ತೆಗೆದೆ. ಮುದುಕಿಯೊಬ್ಬಳು ಹುಂಜವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಳು, ಏನು ಮಾಡಲಿ.

ಆಗಸ್ಟ್ 31

ಚೆದೋಮಿರ್ ಎರಡು ಸಲ ಹೇಳಿಕಳಿಸಿದ್ದ. ಇವತ್ತು ಕ್ಯಾಮೆರಾ ತೆಗೆದುಕೊಂಡು ಅವನ ಅಂಗಳಕ್ಕೆ ಹೋದೆ. ಅವನು ಕಲ್ಲುಪುಡಿಯ ಕೈ ತೊಳೆದುಕೊಂಡು ಬಂದು, ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ, ಒಂದೊಂದಾಗಿ ನೋಡತೊಡಗಿದ. ಕಂಬಳಿ ತೊಳೆಯುವವರು. ನೀಲಿ ಕೈಗಳು, ಆ ಮನುಷ್ಯ ಮತ್ತೆ ಬಂದಿದ್ದ. ಹುಂಜ. ದ್ರಾಕ್ಷಿ ತೋಟದ ಬೇಲಿ. ಅವನು ಮೊದಲು ಬೇಗಬೇಗ ನೋಡುತ್ತಿದ್ದ, ಆಮೇಲೆ ನಿಧಾನ ಮಾಡಿದ. ನೂರ ನಲವತ್ತಾರು ಮುಗಿದವು.

"ಇದ್ರಲ್ಲಿ ನೀವೇ ಇಲ್ವಲ್ಲಕ್ಕ," ಅಂದ.

ನಾನು ಬಗ್ಗಿ ನೋಡಿದೆ, ಎಲ್ಲೋ ಇರಬೇಕು ಅನ್ನುವ ಹಾಗೆ. ಇರಲಿಲ್ಲ. ನನ್ನದನ್ನು ತೆಗೆಸುವುದೇ ಮರೆತಿತ್ತು. ಅದಕ್ಕೆಂದೇ ಕೊಂಡದ್ದು, ಆರು ವಾರ ಕೈಯಲ್ಲೇ ಇತ್ತು, ಒಂದು ದಿನವೂ ನೆನಪಾಗಲಿಲ್ಲ. ಚೆದೋಮಿರ್ ನಗುತ್ತಾ, ಬನ್ನಿ ಆ ಗೋಡೆ ಹತ್ತಿರ ನಿಂತ್ಕೊಳ್ಳಿ, ಈಗಲೇ ತೆಗೆದುಬಿಡೋಣ ಅಂದ. ಗೋಡೆಯ ಹತ್ತಿರ ಹೋಗಿ ನಿಂತೆ. ಅವನು ಕ್ಯಾಮೆರಾ ಎತ್ತಿದ. ನನ್ನ ಕೈ ತಾನಾಗಿ ಮುಖಕ್ಕೆ ಅಡ್ಡ ಬಂತು.

"ಬೇಡ ಚೆದೋಮಿರ್. ಆ ಕಡೆ ಖಾಲಿ ಬಿಡು," ಅಂದೆ.

ಸ್ತಾಮೆಂಕಮ್ಮನಿಗೆ ಯಾರು ಹೇಳುತ್ತಾರೆ ಅಂತ ಕೇಳಿದ. ನಾನೇ ಅಂದೆ.

ಸೆಪ್ಟೆಂಬರ್ 1

ಹೇಳಿದೆ. ಅತ್ತೆ ನನ್ನ ಅಡುಗೆಮನೆಯಲ್ಲಿ ಕಾಫಿ ಕಾಸುತ್ತಿದ್ದರು, ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು, ತಿರುಗಿಯೂ ನೋಡಲಿಲ್ಲ. ಯಾರವನು ಅಂದರು. ಯಾರೂ ಇಲ್ಲ ಅಂದೆ. ಹಾಗಾದರೆ ಯಾಕೆ? ನನ್ನ ಮಗನನ್ನು ಕಂಡರೆ ಆಗುತ್ತಿರಲಿಲ್ಲವಾ, ಅವನು ಕುಡಿದು ಹೊಡೆದನಾ, ಉಪವಾಸ ಕೆಡವಿದನಾ? ಒಂದೂ ಇಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ: ನಾನಿನ್ನೂ ಸತ್ತಿಲ್ಲ ಅತ್ತೆ. ನನ್ನ ಹೆಸರು ಅಲ್ಲಿ ಬರೆದಿದ್ದನ್ನು ನೋಡಿದಾಗಿನಿಂದ ಸತ್ತ ಹಾಗೆ ಆಗಿದೆ.

ನಾನೂ ಸತ್ತಿರಲಿಲ್ಲವಲ್ಲ ಇಪ್ಪತ್ತೆರಡು ವರ್ಷ ಅಂದರು.

ಬಾಗಿಲ ತನಕ ಹೋದವರು ಅಲ್ಲೇ ನಿಂತರು. ಬೈಯುತ್ತಾರೆ ಅಂದುಕೊಂಡೆ.

"ಹಾಗಾದ್ರೆ ಅವನೊಬ್ನೇ ಇರ್ಬೇಕಾ ಅಲ್ಲಿ? ಚಿಕ್ಕೋನಿದ್ದಾಗ್ಲೂ ಒಬ್ನೇ ಮಲಗ್ತಿರ್ಲಿಲ್ಲ ಕಣೇ ಅವ್ನು."

ಈ ಮಾತು ಎದೆಗೆ ಚುಚ್ಚಿ ಕೂತಿದೆ. ಕಲ್ಲು, ಊರು, ಮರ್ಯಾದೆ ಅಂತ ನಾನು ನಾಲ್ಕು ತಿಂಗಳಿಂದ ಏನೇನೋ ಅಂದುಕೊಂಡಿದ್ದೆ. ಅವರಿಗಿದ್ದದ್ದು ಇದೊಂದೇ.

ಸೆಪ್ಟೆಂಬರ್ 5

ಅತ್ತೆ ಬಂದಿಲ್ಲ. ಒಂದೇ ಅಂಗಳ, ಎರಡು ಬಾಗಿಲು, ಆದರೂ ಬಂದಿಲ್ಲ. ಊರೆಲ್ಲ ಚಳಿಗಾಲಕ್ಕೆ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುವ ವಾಸನೆ. ಪ್ರತಿವರ್ಷ ನಾವಿಬ್ಬರೂ ಕೂತು ಸುಲಿಯುತ್ತಿದ್ದೆವು. ಈ ಸಲ ಅವರ ಮೂಟೆ ಅವರ ಬಾಗಿಲಲ್ಲಿ, ನನ್ನದು ನನ್ನ ಬಾಗಿಲಲ್ಲಿ. ಚೆದೋಮಿರನಿಗೆ ಫೋನ್ ಮಾಡಿ, ಹೋಗಲಿ, ಗುರುತಿನ ಚೀಟಿಯ ಫೋಟೊವನ್ನೇ ಕೆತ್ತು ಅನ್ನೋಣ ಅಂತ ಎರಡು ಸಲ ರಿಸೀವರ್ ಎತ್ತಿದೆ. ಎರಡು ಸಲವೂ ಇಟ್ಟುಬಿಟ್ಟೆ. ಕ್ಯಾಮೆರಾ ಮುಟ್ಟಿಲ್ಲ.

ಸೆಪ್ಟೆಂಬರ್ 9, ಶನಿವಾರ

ಬೆಳಿಗ್ಗೆ ಒಬ್ಬಳೇ ಸಮಾಧಿಗೆ ಹೋಗಿ ಬಂದು, ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದೆ. ಅತ್ತೆ ಹೊರಗೆ ಬಂದರು. ಈಸ್ಟರ್‌ಗೆ ಹಾಕುವ ಕಪ್ಪು ಉಡುಪು, ಹೊಸ ತಲೆವಸ್ತ್ರ. ಕುರ್ಚಿಯನ್ನು ತಾವೇ ಎಳೆದು ಬೆಳಕಿಗೆ ಹಾಕಿಕೊಂಡು ಕೂತರು.

"ತಗೊಂಡು ಬಾ ನಿನ್ನ ಡಬ್ಬೀನ. ನನ್ನದೊಂದು ತೆಗಿ. ಅವನ ಪಕ್ಕ ನಾನಿರ್ತೀನಿ."

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ನೀವು ಆಗಲೇ ಮಾವನ ಕಲ್ಲಿನಲ್ಲಿದ್ದೀರಲ್ಲ ಅಂದೆ. ಅವರ ಜೊತೆ ಇಪ್ಪತ್ತೆರಡು ವರ್ಷ ಇದ್ದಾಯಿತು, ಇನ್ನು ಮಗನ ಜೊತೆಗೂ ಇರುತ್ತೇನೆ, ನನ್ನನ್ನು ಎಲ್ಲಿ ಹೂಳುತ್ತೀಯೋ ಅದು ನಿನಗೆ ಬಿಟ್ಟದ್ದು ಅಂದರು. ಒಬ್ಬಳದೇ ಮುಖ ಎರಡು ಕಲ್ಲಿನ ಮೇಲಿದ್ದರೆ ಊರು ನಗುತ್ತದೆ ಅಂದೆ.

"ನಿನ್ನನ್ನ ನೋಡಿ ಹೇಗೂ ನಗ್ತಾರೆ. ಇಬ್ರೂ ಸೇರ್ಕೊಂಡೇ ನಗಿಸೋಣ ಬಿಡು."

ಒಳಗೆ ಹೋಗಿ ಕ್ಯಾಮೆರಾ ತಂದೆ. ಚೆದೋಮಿರ್ ಕೆತ್ತುವಾಗ ಬೇಕಾದರೆ ಸುಕ್ಕು ಕಡಿಮೆ ಮಾಡುತ್ತಾನೆ ಅಂದೆ. ಒಂದು ಸುಕ್ಕೂ ಬಿಡಬೇಡ ಅಂತ ಹೇಳು ಅವನಿಗೆ, ನನ್ನ ಮಗ ಕೊನೆಗೆ ನೋಡಿದ್ದು ಈ ಮುಖವನ್ನೇ ಅಂದರು. ಮೊದಲನೆಯದು ಅಲುಗಾಡಿತು. ಎರಡನೆಯದು ಸ್ಪಷ್ಟವಾಗಿ ಬಂತು. ಪಕ್ಕದಲ್ಲಿ ಕೂತು ಪರದೆ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, ಕ್ಯಾಮೆರಾವನ್ನು ದೂರ ಹಿಡಿದು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ನಾನು ಅಳ್ತಿದೀನಾ?"

ಅಳುತ್ತಿದ್ದರು. ಹೊಗೆ ಕಣ್ಣಿಗೆ ಹೋಗಿರಬೇಕು ಅನ್ನಬಹುದಿತ್ತು. "ಹೂಂ ಅತ್ತೆ," ಅಂದೆ.

"ಹಾಗಾದ್ರೆ ಇದು ಬೇಡ. ನೋಡಿದ್ರೆ ಹೆದರ್ಕೋತಾನೆ. ಅಳಿಸು, ಇನ್ನೊಂದು ತೆಗಿ."

ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ನೆಟ್ಟಗೆ ಕೂತರು. ನಾನು ಇನ್ನೊಂದು ತೆಗೆದೆ.